ಹೆಸರು ಮಾತ್ರ ಬೇಡ

ನನ್ನನ್ನು ಚಿತ್ರರಂಗದಿಂದ ಯಾರೂ ಹೊರಗೆ ಹಾಕಲಿಲ್ಲ. ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ಹಾಗೆಯೇ ಹೇಳುತ್ತಾರೆ. ನಿಷೇಧದ ಆದೇಶವಿಲ್ಲ, ಪತ್ರಿಕಾ ಹೇಳಿಕೆಯಿಲ್ಲ, ಯಾವ ಸಭೆಯ ನಿರ್ಣಯವೂ ಇಲ್ಲ. ದಿನವಿಡೀ ಬಡಿದುಕೊಳ್ಳುತ್ತಿದ್ದ ಫೋನು ಒಂದು ವಾರದೊಳಗೆ ಸುಮ್ಮನಾಯಿತು, ಅಷ್ಟೇ. ಜಗಳವಾಡೋಣವೆಂದರೆ ಎದುರಿಗೆ ಒಬ್ಬನೂ ಇರಲಿಲ್ಲ.

ನಾನು ಉಡುಪಿ ಕಡೆಯವನು. ಬಿ.ಕಾಂ. ಮುಗಿಸಿ, ಬ್ಯಾಂಕ್ ಪರೀಕ್ಷೆಗೆ ಓದುತ್ತೇನೆಂದು ಮನೆಯಲ್ಲಿ ಹೇಳಿ ಬೆಂಗಳೂರಿಗೆ ಬಂದೆ. ಗಾಂಧಿನಗರದ ಲಾಡ್ಜೊಂದರಲ್ಲಿ ಒಬ್ಬ ಹಿರಿಯ ಸಂಭಾಷಣೆಕಾರರು ಖಾಯಂ ರೂಮು ಇಟ್ಟುಕೊಂಡು ಬರೆಯುತ್ತಿದ್ದರು. ಇಡೀ ಚಿತ್ರರಂಗ ಅವರನ್ನು ಮೇಷ್ಟ್ರು ಎಂದು ಕರೆಯುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಅವರ ಬಾಗಿಲು ತಟ್ಟಿದೆ. ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಅವರು ನನ್ನ ಹೆಸರನ್ನೂ ಕೇಳದೆ, "ಗಂಡ ಹೆಂಡ್ತಿ ಜಗಳ ಬರಿ. ಅಲ್ಲೇ ಕೂತ್ಕೊಂಡು ಬರಿ" ಎಂದರು. ಬರೆದು ಕೊಟ್ಟೆ. ಓದಿ ನಕ್ಕರು.

"ಏನಯ್ಯಾ ಇದು, ನಿಮ್ಮೂರ ಕಡೆ ಜಗಳಾನೂ ವ್ಯಾಕರಣ ನೋಡ್ಕೊಂಡು ಆಡ್ತಾರಾ?"

ನನ್ನ ಮುಖ ಸಪ್ಪಗಾಯಿತು. ಅವರು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು, "ನಾಳೆ ಬಾ" ಎಂದರು. ಆ 'ನಾಳೆ' ಹಲವು ವರ್ಷ ನಡೆಯಿತು. ಅವರ ಕೈಕೆಳಗೆ ಬರೆದೆ, ತಿದ್ದಿಸಿಕೊಂಡೆ, ಬೈಸಿಕೊಂಡೆ. ಆಮೇಲೆ ಸ್ವತಂತ್ರವಾಗಿ ಬರೆಯತೊಡಗಿದೆ. ಟೈಟಲ್ ಕಾರ್ಡಿನಲ್ಲಿ ನನ್ನ ಹೆಸರು ಮೊದಲ ಬಾರಿ ಬಂದಾಗ ಪಕ್ಕದಲ್ಲಿದ್ದ ಮೇಷ್ಟ್ರು ಜೋರಾಗಿ ಚಪ್ಪಾಳೆ ತಟ್ಟಿದ್ದರು. ಖಾಲಿ ಖಾಲಿಯಾಗಿದ್ದ ಥಿಯೇಟರಿನಲ್ಲಿ ಅವರೊಬ್ಬರದೇ ಚಪ್ಪಾಳೆ.

ಮೇಷ್ಟ್ರ ಬಳಿ ಒಂದು ಕತೆಯಿತ್ತು. ಹೆಣ ಸಾಗಿಸುವ ಆಂಬುಲೆನ್ಸ್ ಚಾಲಕನೊಬ್ಬನಿಗೆ, ತನ್ನ ಸಂಸಾರವನ್ನು ಹಾಳುಮಾಡಿದವನ ಹೆಣವೇ ಹಿಂದೆ ಮಲಗಿದೆ ಎಂದು ಅರ್ಧ ದಾರಿಯಲ್ಲಿ ತಿಳಿಯುತ್ತದೆ. ಆ ಹೆಣವನ್ನು ಅವನು ಮನೆ ಮುಟ್ಟಿಸುತ್ತಾನೋ ಇಲ್ಲವೋ ಎಂಬುದೇ ಕತೆ. ಅದನ್ನು ಅವರು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಆಗ ತಾನೇ ಮೇಲೆ ಬರುತ್ತಿದ್ದ ನಟನೊಬ್ಬನಿಗೂ ಅದೇ ಲಾಡ್ಜಿನಲ್ಲಿ, ನನ್ನ ಎದುರಿಗೇ ಹೇಳಿದ್ದರು. ನಟ ಕಣ್ಣೊರೆಸಿಕೊಂಡು ಎದ್ದುಹೋಗಿದ್ದ.

ಕೆಲವು ವರ್ಷಗಳ ನಂತರ ಆ ನಟ ದೊಡ್ಡ ಹೀರೋ ಆಗಿದ್ದ. ಹಲವು ಥಿಯೇಟರುಗಳ ಒಡೆಯನಾದ ಅವನ ಅಣ್ಣ ನಿರ್ಮಿಸಿದ ಹೊಸ ಚಿತ್ರಕ್ಕೆ ಮೇಷ್ಟ್ರು ಮತ್ತು ನಾನು ಮೊದಲ ದಿನವೇ ಹೋದೆವು. ಆಂಬುಲೆನ್ಸಿನ ಹಿಂಬಾಗಿಲು ತೆರೆದು ಹೀರೋ ಹೆಣದ ಮುಖದ ಬಟ್ಟೆ ಎತ್ತಿದಾಗ ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದುಕೊಂಡರು. "ಇದು ನಂದು ಕಣಯ್ಯಾ" ಎಂದರು. ಮುಂದಿನ ಸಾಲಿನವರು ತಿರುಗಿ ನೋಡಿದರು. "ನಂದು, ಇದು ನಂದು" ಎಂದು ಮತ್ತೆ ಹೇಳಿದರು. ಮಧ್ಯಂತರದಲ್ಲಿ ನಾನು ತಂದುಕೊಟ್ಟ ಕಾಫಿ ಅವರ ಕೈಯಲ್ಲೇ ಆರಿಹೋಯಿತು. ಪರದೆಯ ಮೇಲೆ ಕತೆ, ಚಿತ್ರಕತೆ ಎಂಬಲ್ಲಿ ಹೀರೋನ ಹೆಸರಿತ್ತು.

ಮೇಷ್ಟ್ರು ಚಿತ್ರರಂಗದ ಹಿರಿಯರ ಮುಂದೆ ದೂರು ಕೊಟ್ಟರು. ಪಂಚಾಯಿತಿ ಸೇರಿತು. ಹೀರೋ ಬರಲಿಲ್ಲ, ಅಣ್ಣ ಬಂದಿದ್ದ. "ಈ ಕತೆ ನೀವು ಮೊದಲೇ ಹೇಳಿದ್ರಿ ಅನ್ನೋದಕ್ಕೆ ಸಾಕ್ಷಿ ಯಾರಿದ್ದಾರೆ?" ಎಂದು ಹಿರಿಯರೊಬ್ಬರು ಕೇಳಿದರು. ಆ ಕತೆ ಕೇಳಿದ ಇಬ್ಬರು ನಿರ್ದೇಶಕರು, ಒಬ್ಬ ಕ್ಯಾಮೆರಾಮನ್, ಒಬ್ಬ ಸಂಕಲನಕಾರ ಎಲ್ಲರೂ ಬರುತ್ತೇವೆಂದು ಮಾತು ಕೊಟ್ಟಿದ್ದರು. ಒಬ್ಬರೂ ಬಂದಿರಲಿಲ್ಲ. ನಾನು ಎದ್ದುನಿಂತು, ಯಾವ ರೂಮಿನಲ್ಲಿ, ಯಾರ ಎದುರಿಗೆ, ಹೇಗೆ ಹೇಳಿದರು ಎಂಬುದನ್ನೆಲ್ಲ ಹೇಳಿದೆ. ನಟ ಕಣ್ಣೊರೆಸಿಕೊಂಡದ್ದನ್ನೂ ಹೇಳಿದೆ.

ಅಣ್ಣ ನನ್ನನ್ನು ಸಮಾಧಾನದಿಂದ ನೋಡುತ್ತಿದ್ದ. ಹಿರಿಯರು ತೀರ್ಪನ್ನು ಮುಂದೂಡಿ ಎದ್ದ ಮೇಲೆ, "ನಿಮ್ಮೂರು ಯಾವುದು?" ಎಂದು ಕೇಳಿದ.

"ಉಡುಪಿ ಕಡೆ."

"ಒಳ್ಳೆ ಊರು. ಊಟ ಚೆನ್ನಾಗಿರುತ್ತೆ."

ಅವನು ನನ್ನೊಡನೆ ಆಡಿದ ಮಾತು ಇಷ್ಟೇ. ಇದರಲ್ಲಿ ಬೆದರಿಕೆ ಎಲ್ಲಿದೆ ಎಂದು ಯಾರಿಗೂ ತೋರಿಸಲಾರೆ.

ಮೊದಲು ಒಬ್ಬ ನಿರ್ಮಾಪಕ ಚಿತ್ರ ಮುಂದಕ್ಕೆ ಹೋಯಿತು ಎಂದ. ಇನ್ನೊಬ್ಬ ಫೋನ್ ಎತ್ತಲಿಲ್ಲ. ಜೊತೆಗೇ ಬೆಳೆದ ನಿರ್ದೇಶಕ ಗೆಳೆಯನೊಬ್ಬ ದರ್ಶಿನಿಯೊಂದರ ಮುಂದೆ ನಿಲ್ಲಿಸಿಕೊಂಡು, ಇಡ್ಲಿ ತಿನ್ನುತ್ತಲೇ ವಿಷಯ ಹೇಳಿದ. "ನೀನು ಬರೀತೀಯ ಅಂದ್ರೆ ಹೀರೋ ಡೇಟ್ ಕೊಡಲ್ಲ, ಅವನಣ್ಣ ಥಿಯೇಟರ್ ಕೊಡಲ್ಲ. ನಾನೇನ್ ಮಾಡ್ಲಿ ಹೇಳು." ಆಮೇಲೆ ಇನ್ನೊಂದು ಇಡ್ಲಿ ಹಾಕಿಸಲಾ ಎಂದು ಕೇಳಿದ.

ಆಗಲೇ ಚಿತ್ರೀಕರಣ ಮುಗಿದಿದ್ದ, ನಾನು ಸಂಭಾಷಣೆ ಬರೆದಿದ್ದ ಚಿತ್ರವೊಂದು ಬಿಡುಗಡೆಯಾಯಿತು. ಹೆಂಡತಿ, ಊರಿಂದ ಬಂದಿದ್ದ ಅವಳ ತಾಯಿ, ಸಣ್ಣವಳಾದ ಮಗಳು ಎಲ್ಲರನ್ನೂ ಕರೆದುಕೊಂಡು ಹೋಗಿದ್ದೆ. ಸಂಭಾಷಣೆ ಎಂಬ ಕಾರ್ಡು ಬಂತು. ಅದರ ಕೆಳಗೆ ನಿರ್ದೇಶಕನ ಹೆಸರು. ಅತ್ತೆ ಕನ್ನಡಕ ಸರಿಮಾಡಿಕೊಂಡು, "ನಿಮ್ಮದು ಇನ್ನೂ ಬರ್ಲಿಕ್ಕುಂಟಾ?" ಎಂದು ಕೇಳಿದರು. ಬರುತ್ತದೆ ಎಂದೆ. ಮುಂದಿನ ಎರಡೂವರೆ ಗಂಟೆ ಜನ ನನ್ನ ಮಾತುಗಳಿಗೆ ನಗುವುದನ್ನು ಕತ್ತಲಲ್ಲಿ ಕೂತು ಕೇಳಿದೆ.

ಸ್ವಲ್ಪ ಕಾಲ ಒಂದು ಧಾರಾವಾಹಿಗೆ ಗುಟ್ಟಾಗಿ ಬರೆದೆ. ಅದೂ ಗೊತ್ತಾಗಿ ನಿಂತಿತು. ಇದೆಲ್ಲ ನಡೆಯುವಾಗ ಮೇಷ್ಟ್ರು ಫೋನ್ ಮಾಡುತ್ತಿದ್ದರು, ಧೈರ್ಯ ಹೇಳುತ್ತಿದ್ದರು. ಆಮೇಲೆ ಅವರ ಫೋನೂ ಕಡಿಮೆಯಾಯಿತು. ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಅದೇ ಹೀರೋನ ಹೊಸ ಚಿತ್ರದ ಮುಹೂರ್ತದ ಫೋಟೋ ಬಂತು. ನಡುವೆ ಹಾರ ಹಾಕಿಕೊಂಡು, ಕ್ಲಾಪ್ ಹಿಡಿದು ನಿಂತಿದ್ದವರು ಮೇಷ್ಟ್ರು. ಹೀರೋ ಅವರ ಹೆಗಲ ಮೇಲೆ ಕೈ ಹಾಕಿದ್ದ.

ಫೋನ್ ಮಾಡಿದೆ. ಅವರೇ ಎತ್ತಿದರು.

"ರಾಜಿ ಮಾಡ್ಕೊಂಡ್ವಿ ಕಣಯ್ಯಾ. ಅವರೇ ಮನೆಗೆ ಬಂದಿದ್ರು. ಈ ವಯಸ್ನಲ್ಲಿ ಕೋರ್ಟು ಕಚೇರಿ ಅಂತ ಎಲ್ಲಿ ಅಲೀಲಿ?"

"ನನ್ನ ವಿಷಯ ಬಂತಾ ಸಾರ್?"

"ಮಾತಾಡ್ತೀನಿ. ಈಗಲೇ ಬೇಡ, ಸ್ವಲ್ಪ ತಣ್ಣಗಾಗ್ಲಿ."

ಅವರ ಕತೆ, ಅವರ ಜಗಳ, ಅವರದೇ ರಾಜಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಮನೆಯಲ್ಲಿ ಕೂತು ಕೈಕುಲುಕುವಾಗ, ನಮ್ಮ ಹುಡುಗ ಒಬ್ಬನಿದ್ದಾನೆ ಎಂಬ ಒಂದು ಮಾತು ಅವರ ಬಾಯಿಗೆ ಬರಲಿಲ್ಲ. ಜೀವಮಾನವಿಡೀ ಇನ್ನೊಬ್ಬರ ಬಾಯಿಗೆ ಮಾತು ಕೊಟ್ಟವರು ಅವರು.

ಹೆಂಡತಿ ನರ್ಸು. ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅವಳು ಮೊದಲು ಹೋದಳು. ನಾನು ಮತ್ತು ಮಗಳು ಅವಳ ವೀಸಾದ ಮೇಲೆ ಹಿಂದಿನಿಂದ ಹೋದೆವು. ಎಲೆಕ್ಟ್ರಾ ಸ್ಟ್ರೀಟಿನ ಹಿಂದೆ, ಮೊಬೈಲ್ ಅಂಗಡಿಗಳ ಸಾಲಿನ ಮೇಲೆ, ಮಂಗಳೂರಿನ ಕೊಂಕಣಿ ಕುಟುಂಬವೊಂದರ ಜೊತೆ ಶೇರಿಂಗಿನಲ್ಲಿ ಒಂದು ಫ್ಲ್ಯಾಟು. ಅವರಿಗೊಂದು ಕೋಣೆ, ನಮಗೊಂದು ಕೋಣೆ, ಅಡುಗೆಮನೆ ಇಬ್ಬರಿಗೂ. ಆ ಮನೆಯೊಡತಿ ಮೊದಲ ದಿನವೇ, "ನೀವು ಅಲ್ಲಿ ಎಂತ ಮಾಡ್ತಿದ್ದದ್ದು?" ಎಂದು ಕೇಳಿದರು. ಅಕೌಂಟ್ಸ್ ಎಂದೆ. ಬಿ.ಕಾಂ. ಕೊನೆಗೂ ಉಪಯೋಗಕ್ಕೆ ಬಂತು.

ಊರ ಹೊರಗಿನ ಕೈಗಾರಿಕಾ ಪ್ರದೇಶ ಮುಸಫ್ಫಾದ ಒಂದು ಫ್ಯಾಬ್ರಿಕೇಷನ್ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆದೆ. ನಕ್ಷೆಗಳಿಗೆ ನಂಬರು ಹಾಕುವುದು, ಹಳೆಯ ಆವೃತ್ತಿಯನ್ನು ತೆಗೆದು ಹೊಸದನ್ನು ಇಡುವುದು. ಬೆಳಿಗ್ಗೆ ಕಂಪನಿಯ ಬಸ್ಸು, ಸಂಜೆ ಕಂಪನಿಯ ಬಸ್ಸು. ಕೆಲವು ತಿಂಗಳಾದ ಮೇಲೆ, ಹೊಸದಾಗಿ ಬರುವ ಕಾರ್ಮಿಕರಿಗೆ ತೋರಿಸಲು ಒಂದು ಸುರಕ್ಷತಾ ವಿಡಿಯೋ ಬೇಕೆಂದು ಸೇಫ್ಟಿ ಮ್ಯಾನೇಜರ್ ಹುಡುಕಾಡುತ್ತಿದ್ದರು. ಕೇರಳದವರು, ಒಳ್ಳೆಯ ಮನುಷ್ಯ. ನಾನು ಬರೆಯುತ್ತೇನೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ.

ಎರಡು ದಿನ ನಿದ್ದೆ ಬಿಟ್ಟು ಬರೆದೆ. ಎತ್ತರದ ಅಟ್ಟಣಿಗೆಯ ಮೇಲೆ ಒಬ್ಬ ಕೆಲಸಗಾರ, ಬೆಲ್ಟ್ ಹಾಕಿಲ್ಲ, ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿದೆ. ಊರಿನಲ್ಲಿ ಅವನ ತಾಯಿ ಫೋನ್ ಹಿಡಿದು ಕಾಯುತ್ತಿದ್ದಾಳೆ. ಅವನು ಬೀಳುವುದನ್ನು ತೋರಿಸುವುದಿಲ್ಲ. ತಾಯಿ ಮತ್ತೆ ಮತ್ತೆ ಫೋನ್ ಮಾಡುವುದನ್ನು ತೋರಿಸುತ್ತೇವೆ. ಮ್ಯಾನೇಜರ್ ಪೂರ್ತಿ ಓದಿದರು. ಕಣ್ಣು ತೇವವಾಗಿತ್ತು.

"ಬ್ರದರ್, ತುಂಬಾ ಚೆನ್ನಾಗಿದೆ" ಎಂದು ಹಿಂದಿಯಲ್ಲಿ ಹೇಳಿದರು. "ತಾಯಿ ಬೇಡ. ಹೆಲ್ಮೆಟ್, ಬೆಲ್ಟ್, ಬೂಟು. ಅಷ್ಟು ಸಾಕು."

ತಾಯಿಯನ್ನು ತೆಗೆದೆ. ಈಗ ಕಂಪನಿಗೆ ಸೇರುವ ಪ್ರತಿಯೊಬ್ಬನೂ ಆ ವಿಡಿಯೋ ನೋಡಲೇಬೇಕು. ನಾನು ಬರೆದದ್ದರಲ್ಲಿ ಅತಿ ಹೆಚ್ಚು ಜನ ನೋಡಿದ್ದು ಅದೇ ಇರಬೇಕು.

ದುಬೈಯ ಕನ್ನಡ ಬಳಗವೊಂದರ ಕಾರ್ಯದರ್ಶಿ ನಮ್ಮ ಕಡೆಯವರು, ಕೇಟರಿಂಗ್ ವ್ಯಾಪಾರದವರು. ನಾನು ಯಾರೆಂದು ಅವರಿಗೆ ಹೇಗೋ ತಿಳಿಯಿತು. ವಾರ್ಷಿಕೋತ್ಸವಕ್ಕೆ ಮಕ್ಕಳೂ ದೊಡ್ಡವರೂ ಸೇರಿ ಆಡುವ ನಾಟಕವೊಂದನ್ನು ಬರೆದುಕೊಡಿ ಎಂದು ಬೆನ್ನುಬಿದ್ದರು. ಮಗಳು ಆಗ ಏಳನೇ ತರಗತಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವಳು. ಅವಳಿಗೊಂದು ಪಾತ್ರ ಸಿಗುತ್ತದಲ್ಲ ಎಂದು ಒಪ್ಪಿದೆ.

ಗಲ್ಫಿನಲ್ಲಿ ಬೆಳೆದ ಹುಡುಗಿಯೊಬ್ಬಳು ಊರಲ್ಲಿರುವ ಅಜ್ಜಿಯೊಡನೆ ಫೋನಿನಲ್ಲಿ ಮಾತಾಡುವ ನಾಟಕ ಅದು. ಒಬ್ಬರ ಭಾಷೆ ಇನ್ನೊಬ್ಬರಿಗೆ ಸರಿಯಾಗಿ ಬರುವುದಿಲ್ಲ, ಆದರೂ ಫೋನ್ ಇಡಲು ಇಬ್ಬರಿಗೂ ಮನಸ್ಸಿಲ್ಲ. ರಜೆಯ ದಿನಗಳಲ್ಲಿ ಅಬುಧಾಬಿಯಿಂದ ದುಬೈಯ ಸಿಲಿಕಾನ್ ಓಯಸಿಸ್‌ವರೆಗೆ ಕಾರು ಓಡಿಸಿಕೊಂಡು ಹೋಗುತ್ತಿದ್ದೆವು. ಅಲ್ಲೊಂದು ವಸತಿ ಕಟ್ಟಡದ ಪಾರ್ಟಿ ಹಾಲಿನಲ್ಲಿ ರಿಹರ್ಸಲ್. ಐಟಿಯವರು, ಬ್ಯಾಂಕಿನವರು, ಗೃಹಿಣಿಯರು ಎಲ್ಲ ಸೇರುತ್ತಿದ್ದರು. "ಯಲ್ಲಾ, ಸೀನ್ ಟೂ" ಎಂದು ಯಾರೋ ಅವಸರಪಡಿಸಿ ಕೂಗುತ್ತಿದ್ದರು. ಮಗಳು ದಾರಿಯುದ್ದಕ್ಕೂ ಕಾರಿನಲ್ಲಿ ಸಂಭಾಷಣೆ ಒಪ್ಪಿಸುತ್ತಿದ್ದಳು. ನನ್ನ ಮಾತು ನನ್ನ ಮಗಳ ಬಾಯಲ್ಲಿ. ಆ ಕೆಲವು ವಾರ ನಾನು ಸುಖವಾಗಿದ್ದೆ ಎಂದು ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಮುಖ್ಯ ಅತಿಥಿಯಾಗಿ ಅದೇ ಹೀರೋ ಬರುತ್ತಾನೆ, ಜೊತೆಗೆ ಮೇಷ್ಟ್ರಿಗೆ ಸನ್ಮಾನ ಎಂದು ಪ್ರಕಟವಾಯಿತು. ನಾನು ರಿಹರ್ಸಲ್ ಮುಂದುವರಿಸಿದೆ. ಕಾರ್ಯಕ್ರಮಕ್ಕೆ ವಾರವಿರುವಾಗ ಕಾರ್ಯದರ್ಶಿಗಳು ರಿಹರ್ಸಲ್ ಮುಗಿಸಿ ಹೊರಟ ನನ್ನನ್ನು ಪಾರ್ಕಿಂಗಿನಲ್ಲಿ ತಡೆದರು. ಮಗಳು ಆಗಲೇ ಕಾರಿನೊಳಗಿದ್ದಳು.

"ಸರ್, ನಿಮ್ಮತ್ರ ಒಂದು ವಿಷಯ ಮಾತಾಡ್ಲಿಕ್ಕುಂಟು. ಬೇಜಾರು ಮಾಡ್ಲಿಕ್ಕಿಲ್ಲ."

"ಹೇಳಿ."

"ಅವರ ಮ್ಯಾನೇಜರ್ ಪ್ರೋಗ್ರಾಮ್ ಶೀಟ್ ತರಿಸಿ ನೋಡಿದ. ನಿಮ್ಮ ಹೆಸರು ಇದ್ರೆ ಇವರು ಸ್ಟೇಜಿಗೆ ಬರುದಿಲ್ಲಂತೆ. ಖಲಾಸ್ ಅಂತ ಹೇಳಿಬಿಟ್ಟ. ಹಾಲ್ ಬುಕ್ ಆಗಿದೆ, ಪಾಸೆಲ್ಲ ಹೋಗಿದೆ, ನಾನೆಂತ ಮಾಡುದು ಹೇಳಿ?"

"ನಾಟಕ ತೆಗೀತೀರಾ?"

"ಛೇ ಛೇ, ನಾಟಕ ಇರ್ಲಿ. ಎಷ್ಟು ಚಂದ ಉಂಟು. ಹೆಸರು ಮಾತ್ರ ಬೇಡ."

ಸಮುದ್ರ ದಾಟಿ ಬಂದರೆ ಮುಗಿಯಿತು ಅಂದುಕೊಂಡಿದ್ದೆ. ಆ ಹೀರೋಗೆ ಅಷ್ಟು ವರ್ಷಗಳ ನಂತರವೂ ನನ್ನ ಹೆಸರು ನೆನಪಿತ್ತು. ನನ್ನನ್ನು ಅಷ್ಟು ನಿಷ್ಠೆಯಿಂದ ನೆನಪಿಟ್ಟವರು ಚಿತ್ರರಂಗದಲ್ಲಿ ಬೇರೆ ಯಾರೂ ಇಲ್ಲ.

ಮನೆಗೆ ಬಂದಾಗ ಹೆಂಡತಿ ನನ್ನ ಮುಖ ನೋಡಿದ ಕೂಡಲೇ, ಏನಾಯಿತು ಎನ್ನುತ್ತಾ "ದಾದ ಆಂಡ್?" ಎಂದಳು. ನಾವು ಮನೆಯಲ್ಲಿ ಮಾತಾಡುವುದು ತುಳು. ಹೇಳಿದೆ. ಅವಳು ಡ್ಯೂಟಿಯಿಂದ ಬಂದು ಇನ್ನೂ ಬಟ್ಟೆ ಬದಲಿಸಿರಲಿಲ್ಲ.

"ಮಗುವನ್ನು ಕಳಿಸುವುದು ಬೇಡ. ನಾಟಕವನ್ನೂ ಕೊಡುವುದು ಬೇಡ. ಅವರೇ ಬರೆದುಕೊಳ್ಳಲಿ."

ಒಳಗಿನಿಂದ ಮಗಳು ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. "ಬಟ್ ಪಪ್ಪಾ, ಐ ನೋ ಆಲ್ ಮೈ ಲೈನ್ಸ್" ಎಂದಳು. ಅವಳ ಕಣ್ಣು ತುಂಬಿತ್ತು. ಹೆಂಡತಿ ಅವಳನ್ನೂ ನನ್ನನ್ನೂ ನೋಡಿದಳು. "ನೀವೇ ತೀರ್ಮಾನ ಮಾಡಿ" ಎಂದು ಹೇಳಿ ಸ್ನಾನಕ್ಕೆ ಹೋದಳು. ಕಳಿಸುತ್ತೇನೆ ಎಂದೆ.

ಕಾರ್ಯಕ್ರಮದ ದಿನ ಹೆಂಡತಿ ಡ್ಯೂಟಿ ಹಾಕಿಸಿಕೊಂಡಳು, ಬರಲಿಲ್ಲ. ನಾನು ಕೊನೆಯ ಸಾಲಿನಲ್ಲಿ ಕೂತೆ. ನಾಟಕಕ್ಕೆ ಮೊದಲು ನಿರೂಪಕಿ, "ರಚನೆ, ನಮ್ಮ ಬಳಗದ ಸಾಮೂಹಿಕ ಪ್ರಯತ್ನ" ಎಂದಳು. ಮಗಳು ಒಂದು ಸಾಲನ್ನೂ ಮರೆಯಲಿಲ್ಲ. ಅಜ್ಜಿ ಫೋನ್ ಇಡದೆ ಸುಮ್ಮನೆ ಉಸಿರಾಡುವ ಕಡೆ ಮುಂದಿನ ಸಾಲಿನ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡಳು.

ಹೀರೋ ವೇದಿಕೆಗೆ ಬಂದು ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡ. ಮೈಕು ಹಿಡಿದು, ನನ್ನ ಮಗಳ ತಲೆಯ ಮೇಲೆ ಕೈಯಿಟ್ಟ. ಅವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

"ಪುಟ್ಟಾ, ದುಬೈನಲ್ಲಿದ್ಕೊಂಡು ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯಲ್ಲ, ಯಾರು ಹೇಳ್ಕೊಟ್ರು?"

ಮಗಳು ಪರದೆಯ ಪಕ್ಕದಲ್ಲಿ ನಿಂತಿದ್ದ ಕಾರ್ಯದರ್ಶಿಗಳ ಕಡೆ ನೋಡಿದಳು. ಆಮೇಲೆ, "ಅಮ್ಮ" ಎಂದಳು.

ಸಭೆ ಚಪ್ಪಾಳೆ ತಟ್ಟಿತು. ಹೀರೋ ಮಾತೃಭಾಷೆಯ ಬಗ್ಗೆ, ತಾಯಂದಿರ ಬಗ್ಗೆ ಒಂದಿಷ್ಟು ಮಾತಾಡಿದ. ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ಮೇಷ್ಟ್ರು ತಲೆ ತಗ್ಗಿಸಿ ಶಾಲಿನ ಅಂಚನ್ನು ನೋಡುತ್ತಿದ್ದರು. ಅವರಿಗೂ ಮಾತಾಡಲು ಮೈಕು ಕೊಟ್ಟರು. ಅವರು ತಮ್ಮ ಹಳೆಯ ದಿನಗಳನ್ನು ನೆನೆದರು, ನಟನಿಗೆ ಕೃತಜ್ಞತೆ ಹೇಳಿದರು, ಕೂತರು.

ಊಟದ ಹೊತ್ತಿಗೆ ಅವರೇ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. ತುಂಬಾ ಇಳಿದುಹೋಗಿದ್ದರು.

"ನೀನೇ ಬರೆದಿದ್ದು ಅಂತ ಎರಡನೇ ಮಾತಿಗೇ ಗೊತ್ತಾಯ್ತು ಕಣಯ್ಯಾ. ಆ ಮುದುಕಿ ಸುಮ್ಮನಿರ್ತಾಳಲ್ಲ, ಅದು ನನ್ನ ಕೈಲೂ ಆಗ್ತಿರ್ಲಿಲ್ಲ."

"ಹೇಳಬಹುದಿತ್ತಲ್ಲ ಸಾರ್. ಮೈಕು ನಿಮ್ಮ ಕೈಯಲ್ಲೇ ಇತ್ತು."

ಅವರು ಸುತ್ತ ನೋಡಿದರು. ಮ್ಯಾನೇಜರ್ ದೂರದಲ್ಲಿ ಯಾರ ಜೊತೆಗೋ ನಗುತ್ತಿದ್ದ.

"ನನ್ನ ಟಿಕೆಟ್ಟು, ರೂಮು, ಆಸ್ಪತ್ರೆ, ಎಲ್ಲಾ ಅವರೇ ನೋಡ್ಕೊಳ್ತಿದ್ದಾರೆ. ನಿಂಗೆ ಗೊತ್ತಾಗಲ್ಲ."

"ಗೊತ್ತಾಗುತ್ತೆ ಸಾರ್."

ಆಮೇಲೆ ಅವರು ಇನ್ನೂ ಹತ್ತಿರ ಬಂದರು. "ಒಂದು ಕೆಲಸ ಮಾಡು. ಈ ಫೋನಿನ ಕತೇನೇ ಬೆಳೆಸಿ ಒಂದು ಪೂರ್ತಿ ಚಿತ್ರ ಮಾಡಿಕೊಡು. ನಂಗೀಗ ಕೂತು ಬರೆಯೋಕಾಗ್ತಿಲ್ಲ. ನನ್ನ ಹೆಸರಲ್ಲಿ ಕೊಡ್ತೀನಿ, ಯಾರೂ ಏನೂ ಕೇಳಲ್ಲ. ನಿನ್ನ ಮಾತು ತೆರೆ ಮೇಲೆ ಬಂದಂಗೂ ಆಗುತ್ತೆ."

ಅವರು ಅದನ್ನು ಪ್ರೀತಿಯಿಂದಲೇ ಹೇಳಿದರು. ಅದನ್ನೇ ನನಗೆ ತಡೆಯಲಾಗಲಿಲ್ಲ. ಆಂಬುಲೆನ್ಸ್ ಬಾಗಿಲು ತೆರೆದಾಗ ನನ್ನ ಮಣಿಕಟ್ಟು ಹಿಡಿದವರು ಇವರೇ.

"ಆಗಲ್ಲ ಸಾರ್" ಎಂದೆ. "ಅದು ನಂದು."

ಅವರಿಗೆ ಅರ್ಥವಾಯಿತು. ತಟ್ಟೆಯನ್ನು ಅಲ್ಲೇ ಮೇಜಿನ ಮೇಲಿಟ್ಟು, ಕೈ ಒರೆಸಿಕೊಳ್ಳುತ್ತಾ ಹೋದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಹಿಂದಿರುಗುವಾಗ ಮಗಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಅಬುಧಾಬಿಯ ದಾರಿಗೆ ಬಿದ್ದ ಮೇಲೆ, "ಅಂಕಲ್ ಟೋಲ್ಡ್ ಮಿ ನಾಟ್ ಟು ಸೇ ಯುವರ್ ನೇಮ್" ಎಂದಳು. ತುಂಬಾ ಚೆನ್ನಾಗಿ ಮಾಡಿದೆ ಎಂದು ಹೇಳಿದೆ. ನಾಟಕದ ಬಗ್ಗೆ ಹೇಳಿದೆನೋ, ಆ ಉತ್ತರದ ಬಗ್ಗೆಯೋ, ಅವಳು ಕೇಳಲಿಲ್ಲ. ಅವಳು ಮತ್ತೆ ನಾಟಕದಲ್ಲಿ ಮಾಡಲಿಲ್ಲ. ಮರುವರ್ಷ ಕಾರ್ಯದರ್ಶಿಗಳು ಫೋನ್ ಮಾಡಿದಾಗ, ಮೊದಲು ನನ್ನ ಹೆಸರು ಅಚ್ಚಾಗಲಿ, ಆಮೇಲೆ ಬರೆಯುತ್ತೇನೆ ಎಂದೆ. ನೋಡುವ ಸರ್ ಎಂದರು. ಬೇರೆಯವರಿಂದ ಬರೆಸಿದರು.

ಕಳೆದ ವರ್ಷ ಮೇಷ್ಟ್ರು ತೀರಿಕೊಂಡರು. ಸುದ್ದಿ ಬಂದಾಗ ನಾನು ಮುಸಫ್ಫಾಕ್ಕೆ ಹೋಗುವ ಬಸ್ಸಿನಲ್ಲಿದ್ದೆ. ಮೊಬೈಲಿನಲ್ಲಿ ಅವರ ಫೋಟೋ, ಅದರ ಕೆಳಗೆ ಹೀರೋನ ಸಂತಾಪ, ತಂದೆಯನ್ನು ಕಳೆದುಕೊಂಡೆ ಎಂಬ ಮಾತು. ಒಳ್ಳೆಯ ಸುಳ್ಳು, ಯಾರೋ ಬರೆದುಕೊಟ್ಟದ್ದು ಎಂದುಕೊಂಡು ಫೋನ್ ಜೇಬಿಗೆ ಹಾಕಿದೆ. ಎಲ್ಲ ಸರಿಯಾಗಿಯೇ ಇತ್ತು. ಕಂಪನಿಯ ಗೇಟಿನ ಮುಂದೆ ಎಲ್ಲರೂ ಇಳಿದರು. ನನಗೆ ಏಳಲಾಗಲಿಲ್ಲ. ಅಳು ಎಲ್ಲಿಂದ ಬಂತೋ ತಿಳಿಯದು, ಸೀಟಿನ ಹಿಂಭಾಗಕ್ಕೆ ಹಣೆ ಹಚ್ಚಿ ಅತ್ತೆ.

ಪಠಾಣ ಡ್ರೈವರು ಎದ್ದು ಬಂದು ನೀರಿನ ಬಾಟಲಿ ಕೊಟ್ಟ. ಮನೆಯಲ್ಲಿ ಯಾರಾದರೂ ಹೋದರಾ ಎಂದು ಹಿಂದಿಯಲ್ಲಿ ಕೇಳಿದ. ಹೌದು ಎಂದೆ. ಯಾರು ಎಂದ. ನಾನು ಬಾಯಿ ತೆರೆದೆ. ಬಾಯಿಗೆ ಬಂದದ್ದು ತಂದೆ ಎಂಬ ಮಾತು, ಹೀರೋ ಆಗಲೇ ಬಳಸಿದ್ದ ಅದನ್ನು ಹೇಳಲು ಮನಸ್ಸಾಗಲಿಲ್ಲ. ಅವನು ನನ್ನ ಬೆನ್ನ ಮೇಲೆ ಕೈಯಿಟ್ಟು ತನ್ನ ಭಾಷೆಯಲ್ಲಿ ಏನೋ ಪ್ರಾರ್ಥನೆ ಹೇಳಿದ. ಆಮೇಲೆ ನಾನು ಇಳಿದು ಒಳಗೆ ಹೋಗಿ, ಆ ದಿನ ಬಂದಿದ್ದ ನಕ್ಷೆಗಳಿಗೆ ನಂಬರು ಹಾಕಿದೆ.